ಮೂರು ಕ್ಯಾಮೆರಾ, ಒಂದು ಪರದೆ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಡಗರ. ಶಾಮಿಯಾನ, ಧ್ವನಿವರ್ಧಕ, ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ಸಾಗುವ ಖರ್ಚಿನ ಪಟ್ಟಿಗೆ ಕೆಲವು ವರ್ಷಗಳಿಂದ ಇನ್ನೊಂದು ಬಾಬತ್ತು ಸೇರಿಕೊಂಡಿದೆ. ಅದೇ 'ಲೈವ್', ಅಂದರೆ ಅಂತರ್ಜಾಲದ ಮೂಲಕ ನೇರ ಪ್ರಸಾರ. 2020ರಲ್ಲಿ ಕೊರೊನಾದಿಂದಾಗಿ ಜನ ಮನೆಯಲ್ಲೇ ಉಳಿಯಬೇಕಾದಾಗ ಮದುವೆ, ಯಕ್ಷಗಾನ, ಸಂಗೀತ ಕಛೇರಿಗಳು ಮೊಬೈಲಿನ ಪರದೆಗೆ ಬಂದವು. ಆ ದಿನಗಳು ಕಳೆದರೂ ರೂಢಿ ಉಳಿಯಿತು. ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರೆ, ತಾಯಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ರಜೆ ಸಿಗದಿದ್ದರೆ, ಅಜ್ಜಿಗೆ ಮಂಡಿನೋವಿದ್ದರೆ, ಮಗುವಿನ ಕೋಲಾಟ ಅವರಿಗೆಲ್ಲ ತಲುಪುವುದು ಈ ಒಂದು ದಾರಿಯಿಂದಲೇ.

ಒಂದು ಮೊಬೈಲನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿದರೂ ನೇರ ಪ್ರಸಾರವೇನೋ ಆಗುತ್ತದೆ. ಆದರೆ ದೂರದಿಂದ ಇಡೀ ವೇದಿಕೆಯನ್ನು ಹಿಡಿದರೆ ಮಕ್ಕಳು ಬೆಂಕಿಕಡ್ಡಿಗಳಂತೆ ಕಾಣುತ್ತಾರೆ. ಹತ್ತಿರದಿಂದ ಒಬ್ಬರ ಮುಖ ಹಿಡಿದರೆ ಉಳಿದವರೆಲ್ಲ ಮಾಯ. ಆದ್ದರಿಂದ ಎರಡು ಮೂರು ಕ್ಯಾಮೆರಾಗಳು ಬೇಕು. ನೋಡುವವರ ಪರದೆ ಮಾತ್ರ ಒಂದೇ. ಈ ಮೂರರಲ್ಲಿ ಯಾವ ಕ್ಷಣಕ್ಕೆ ಯಾವುದನ್ನು ಕಳುಹಿಸಬೇಕೆಂದು ಆರಿಸಲು ನಡುವೆ ಒಂದು ಪೆಟ್ಟಿಗೆ ಕೂರುತ್ತದೆ. ಅದರ ಹೆಸರು ವಿಡಿಯೋ ಸ್ವಿಚರ್. ಮದುವೆ ವಿಡಿಯೋದವರ ಬಾಯಲ್ಲಿ ಅದು 'ಮಿಕ್ಸರ್'.

ಅಂಗಡಿಯಲ್ಲಿ ಈ ಪೆಟ್ಟಿಗೆಗಳ ಬೆಲೆ ಒಂದಕ್ಕೊಂದು ಹೋಲಿಕೆಯೇ ಇಲ್ಲದಷ್ಟು ಬೇರೆ ಬೇರೆ. ಕೊಳ್ಳುವ ಹಣ ಕೊನೆಗೆ ಪಾಲಕರ ಜೇಬಿನದು. ಆಯ್ಕೆ ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ, ಮಗು ಒಂದು ತಿಂಗಳು ಅಭ್ಯಾಸ ಮಾಡಿದ ಐದು ನಿಮಿಷವೂ ಹೋಗುತ್ತದೆ. ಆ ಐದು ನಿಮಿಷಕ್ಕೆ ಮರುಪರೀಕ್ಷೆ ಇಲ್ಲ. ಹಾಗಾಗಿ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿದು, ಅನಂತರ ಅಂಗಡಿಯ ಮೆಟ್ಟಿಲು ಹತ್ತುವುದು ಒಳ್ಳೆಯದು.

ಹಳಿ ಬದಲಿಸುವ ಕೆಲಸ

ಅರಸೀಕೆರೆಯಂಥ ರೈಲ್ವೆ ಜಂಕ್ಷನ್ನನ್ನು ನೆನೆಸಿಕೊಳ್ಳಿ. ಒಂದು ಹಳಿಯಿಂದ ಇನ್ನೊಂದಕ್ಕೆ ದಾರಿ ಬದಲಿಸುವ ಸಾಧನ ಅಲ್ಲಿದೆ. ಆದರೆ ರೈಲು ಅದರ ಮೇಲೆ ಹಾಯುತ್ತಿರುವಾಗ ಬದಲಿಸಿದರೆ ಗತಿ ಏನು? ಅರ್ಧ ರೈಲು ಒಂದು ಕಡೆ, ಅರ್ಧ ಇನ್ನೊಂದು ಕಡೆ! ಒಂದು ರೈಲು ದಾಟಿ ಇನ್ನೊಂದು ಬರುವ ಮೊದಲಿನ ಬಿಡುವಿನಲ್ಲೇ ಹಳಿ ಸರಿಯಬೇಕು.

ವಿಡಿಯೋ ಕೂಡ ಇಂಥ ರೈಲುಗಳ ಸಾಲೇ. ಸೆಕೆಂಡಿಗೆ 25 ಬಿಡಿಚಿತ್ರಗಳು, ಅಂದರೆ ಫ್ರೇಮುಗಳು, ಒಂದರ ಹಿಂದೆ ಒಂದು ಓಡುತ್ತವೆ. ಪ್ರತಿಯೊಂದು ಚಿತ್ರವೂ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಸಾಗುತ್ತದೆ. ಒಂದು ಚಿತ್ರ ಮುಗಿದು ಇನ್ನೊಂದು ಆರಂಭವಾಗುವ ಸಂದಿನಲ್ಲಿ ಮಾತ್ರ ಕ್ಯಾಮೆರಾ ಬದಲಾಯಿಸಬಹುದು. ನಡುವೆ ಬದಲಾಯಿಸಿದರೆ ತಲೆ ಒಬ್ಬರದು, ಕಾಲು ಇನ್ನೊಬ್ಬರದು.

ತೊಡಕಿರುವುದು ಇಲ್ಲೇ. ಮೂರು ಕ್ಯಾಮೆರಾಗಳಿಗೆ ಮೂರು ಗಡಿಯಾರ. ಒಂದರ ಚಿತ್ರ ಮುಗಿಯುವಾಗ ಇನ್ನೊಂದರದು ಅರ್ಧದಲ್ಲಿರುತ್ತದೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಭಾರತದ ಟಿ.ವಿ. ಪ್ರಸಾರ ಆರಂಭವಾಯಿತು. ಆ ಕಾಲದ ಸ್ಟುಡಿಯೋಗಳಲ್ಲಿ ಇದಕ್ಕೊಂದು ಉಪಾಯವಿತ್ತು. ಭಜನೆಯಲ್ಲಿ ಒಬ್ಬರ ತಾಳಕ್ಕೆ ಎಲ್ಲರೂ ಹಾಡುವಂತೆ, ಒಂದೇ ಯಂತ್ರ ಹೊರಡಿಸುವ ವಿದ್ಯುತ್ ಮಿಡಿತಕ್ಕೆ ಎಲ್ಲ ಕ್ಯಾಮೆರಾಗಳೂ ಹೆಜ್ಜೆ ಹಾಕುತ್ತಿದ್ದವು. ಈ ವ್ಯವಸ್ಥೆಗೆ 'ಜೆನ್‌ಲಾಕ್' ಎಂದು ಹೆಸರು. ದೊಡ್ಡ ಸ್ಟುಡಿಯೋಗಳಲ್ಲಿ ಇದು ಇಂದಿಗೂ ಇದೆ.

ಮನೆಬಳಕೆಯ ಕ್ಯಾಮೆರಾಗಳಿಗೆ ಇಂಥ ತಾಳ ಕೇಳಿಸಿಕೊಳ್ಳುವ ಕಿವಿಯೇ ಇರುವುದಿಲ್ಲ. ಹಾಗಾಗಿ ಈಗಿನ ಸ್ವಿಚರ್ ಇನ್ನೊಂದು ಜಾಣತನ ಮಾಡುತ್ತದೆ. ಬರುವ ಪ್ರತಿ ಚಿತ್ರವನ್ನೂ ತನ್ನ ಸ್ಮೃತಿಕೋಶದಲ್ಲಿ ಕ್ಷಣಕಾಲ ಇಟ್ಟುಕೊಂಡು, ತನ್ನದೇ ಗಡಿಯಾರದ ಪ್ರಕಾರ ಹೊರಗೆ ಬಿಡುತ್ತದೆ. ಬೇರೆ ಬೇರೆ ಹೊತ್ತಿಗೆ ಬಂದ ಮಕ್ಕಳನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಒಟ್ಟಿಗೆ ಒಳಗೆ ಕಳುಹಿಸಿದ ಹಾಗೆ. ಈ ಸೌಲಭ್ಯ ಎಲ್ಲ ಇನ್‌ಪುಟ್‌ಗಳಿಗೂ ಇದೆಯೇ, ಬೇರೆ ಬೇರೆ ಅಳತೆಯ ಚಿತ್ರಗಳನ್ನು ಪೆಟ್ಟಿಗೆ ತಾನೇ ಒಂದೇ ಅಳತೆಗೆ ತರುತ್ತದೆಯೇ ಎಂಬುದು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ಹೆಸರಿನ ಮೋಸಕ್ಕೆ ಬೀಳದಿರುವುದೂ ಮುಖ್ಯ. ಮನೆಯ ಟಿ.ವಿ.ಗೆ ಎರಡು ಮೂರು ಸಾಧನಗಳನ್ನು ಜೋಡಿಸಲು ಕೆಲವೇ ನೂರು ರೂಪಾಯಿಗೆ 'ಎಚ್.ಡಿ.ಎಂ.ಐ. ಸ್ವಿಚ್' ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಅದು ಬರಿಯ ದಾರಿ ಬದಲಿಸುವ ಗುಂಡಿ. ಸ್ಮೃತಿಕೋಶ ಅದರಲ್ಲಿಲ್ಲ. ಗುಂಡಿ ಒತ್ತಿದಾಗಲೆಲ್ಲ ಟಿ.ವಿ. ಮತ್ತು ಕ್ಯಾಮೆರಾ ಮತ್ತೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿ, ಪರದೆ ಒಂದೆರಡು ಸೆಕೆಂಡು ಕಪ್ಪಾಗುತ್ತದೆ. ನೇರ ಪ್ರಸಾರಕ್ಕೆ ಅದು ಪ್ರಯೋಜನವಿಲ್ಲ.

ಗುಂಡಿಯ ಹಿಂದಿನ ಗಣಿತ

ಸ್ವಿಚರ್ ಮಾಡುವ ಇನ್ನೊಂದು ಕೆಲಸ ಒಂದು ಚಿತ್ರವನ್ನು ಇನ್ನೊಂದರಲ್ಲಿ ಕರಗಿಸುವುದು. ಇದರಲ್ಲಿ ಮಾಯೆ ಏನೂ ಇಲ್ಲ, ಪ್ರೌಢಶಾಲೆಯ ಸರಾಸರಿ ಲೆಕ್ಕವಷ್ಟೇ. ಮೊದಲ ಕ್ಯಾಮೆರಾದ ಒಂದು ಚುಕ್ಕಿಯ ಹೊಳಪು 200, ಎರಡನೆಯದರಲ್ಲಿ ಅದೇ ಜಾಗದ ಚುಕ್ಕಿಯ ಹೊಳಪು 100 ಎಂದಿಟ್ಟುಕೊಳ್ಳಿ. ಕರಗುವಿಕೆ ಕಾಲುಭಾಗ ಮುಗಿದಾಗ ಮೊದಲನೆಯದರ ಮುಕ್ಕಾಲು, ಅಂದರೆ 150. ಎರಡನೆಯದರ ಕಾಲು, ಅಂದರೆ 25. ಕೂಡಿದರೆ 175. ಅರ್ಧದಲ್ಲಿ 150, ಕೊನೆಯಲ್ಲಿ 100. ಪೂರ್ಣ ಎಚ್.ಡಿ. ಚಿತ್ರದಲ್ಲಿ 1920 ಅಡ್ಡ, 1080 ಉದ್ದ ಎಂದರೆ ಒಟ್ಟು 20,73,600 ಚುಕ್ಕಿಗಳು. ಪ್ರತಿ ಚುಕ್ಕಿಯ ಮೂರೂ ಬಣ್ಣಗಳಿಗೆ, ಸೆಕೆಂಡಿಗೆ 25 ಬಾರಿ ಈ ಲೆಕ್ಕ ನಡೆಯುತ್ತದೆ.

ಪರದೆಯ ಕೆಳಗೆ 'ಏಳನೆಯ ತರಗತಿ ವಿದ್ಯಾರ್ಥಿಗಳಿಂದ ಡೊಳ್ಳು ಕುಣಿತ' ಎಂದು ಹೆಸರು ಮೂಡಿಸುವುದಕ್ಕೂ ಇದೇ ಗಣಿತ. ಅಕ್ಷರವಿರುವ ಚುಕ್ಕಿಗಳಲ್ಲಿ ಅಕ್ಷರದ ಬಣ್ಣಕ್ಕೆ ಪೂರ್ತಿ ಅಂಕ, ಉಳಿದ ಕಡೆ ಕ್ಯಾಮೆರಾಕ್ಕೆ ಪೂರ್ತಿ ಅಂಕ. ಇದಕ್ಕೆ 'ಕೀ' ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳನ್ನು ಪಾರದರ್ಶಕ ಹಿನ್ನೆಲೆಯ ಚಿತ್ರವಾಗಿ ಸಿದ್ಧಮಾಡಿ ಸ್ವಿಚರಿಗೆ ತುಂಬಿದರೆ ಆಯಿತು. ಪೆಟ್ಟಿಗೆಗೆ ಕನ್ನಡ ಬರಬೇಕಾಗಿಲ್ಲ. ಆದರೆ ಹೀಗೆ ಚಿತ್ರ ತುಂಬಿಕೊಳ್ಳುವ ಸೌಕರ್ಯ ಅದಕ್ಕಿರಬೇಕು. ನೂರು ಬಗೆಯ ಚಮತ್ಕಾರದ ತೆರೆಗಳಿಗಿಂತ ಈ ಒಂದು ಸೌಕರ್ಯ ಶಾಲೆಗೆ ಹೆಚ್ಚು ಉಪಯುಕ್ತ.

ಎಷ್ಟು ಬಾಯಿ, ಎಷ್ಟು ದೂರ?

ಇನ್‌ಪುಟ್‌ಗಳ ಲೆಕ್ಕ ಸುಲಭ. ಇಡೀ ವೇದಿಕೆಗೆ ಒಂದು, ಹತ್ತಿರದ ಮುಖಗಳಿಗೆ ಒಂದು, ಪಕ್ಕದಿಂದ ಒಂದು ಕ್ಯಾಮೆರಾ. ಚಿತ್ರಪ್ರದರ್ಶನಕ್ಕೆ ಒಂದು ಲ್ಯಾಪ್‌ಟಾಪ್. ಅಲ್ಲಿಗೆ ನಾಲ್ಕು. ಸಾಮಾನ್ಯ ಶಾಲೆಗೆ ಇಷ್ಟು ಸಾಕು. ಎಂಟು ಬಾಯಿಯ ಪೆಟ್ಟಿಗೆ ಕೊಂಡು ನಾಲ್ಕನ್ನು ಧೂಳು ತಿನ್ನಲು ಬಿಡುವುದು ಜಾಣತನವಲ್ಲ. 2019ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ನಾಲ್ಕು ಇನ್‌ಪುಟ್‌ಗಳ 'ಎಟೆಮ್ ಮಿನಿ' ಎಂಬ ಸ್ವಿಚರನ್ನು 295 ಡಾಲರ್ ಬೆಲೆಗೆ ಪ್ರಕಟಿಸಿತು. ಅಲ್ಲಿಯವರೆಗೆ ಸ್ಟುಡಿಯೋದ ಸೊತ್ತಾಗಿದ್ದ ಈ ಸಾಧನ ಸಣ್ಣ ಸಂಸ್ಥೆಗಳ ಕೈಗೆಟುಕಿತು. ಮರುವರ್ಷ ಬಂದ ಅದರ 'ಪ್ರೊ' ಮಾದರಿಯಲ್ಲಿ ಎಲ್ಲ ಕ್ಯಾಮೆರಾಗಳನ್ನೂ ಒಂದೇ ಪರದೆಯಲ್ಲಿ ನೋಡುವ ಮತ್ತು ಕಂಪ್ಯೂಟರಿಲ್ಲದೆ ನೇರವಾಗಿ ಅಂತರ್ಜಾಲಕ್ಕೆ ಕಳುಹಿಸುವ ಸೌಲಭ್ಯ ಸೇರಿತು. ಬೇರೆ ಕಂಪನಿಗಳ ಪೆಟ್ಟಿಗೆಗಳೂ ಇವೆ. ಮುಂದಿನ ಬಾಯಿ ಎಷ್ಟೆಂದು ಎಣಿಸುವಷ್ಟೇ ಮುಖ್ಯ, ಎಲ್ಲ ಕ್ಯಾಮೆರಾಗಳನ್ನೂ ಒಟ್ಟಿಗೆ ನೋಡುವ ಸೌಕರ್ಯ ಇದೆಯೇ ಎಂದು ಕೇಳುವುದು. ಅದಿಲ್ಲದಿದ್ದರೆ ಗುಂಡಿ ಒತ್ತುವವರು ಕುರುಡರಂತೆ ಒತ್ತಬೇಕಾಗುತ್ತದೆ.

ಕ್ಯಾಮೆರಾ ಕೊಳ್ಳುವಾಗ ಯಾರೂ ಯೋಚಿಸದ ವಿಷಯ ಕೇಬಲ್. ಎಚ್.ಡಿ.ಎಂ.ಐ. ಎಂಬುದು ಮನೆಯ ಟಿ.ವಿ. ಪಕ್ಕದಲ್ಲಿ ಬಳಸಲೆಂದು ರೂಪುಗೊಂಡದ್ದು. ಸಾಮಾನ್ಯ ತಾಮ್ರದ ತಂತಿಯಲ್ಲಿ ಹತ್ತು, ಹದಿನೈದು ಮೀಟರ್ ದಾಟಿದರೆ ಅದರ ಸಂಕೇತ ನೆಚ್ಚಿಕೆಗೆ ಅರ್ಹವಲ್ಲ. ಅದರ ತುದಿಗೆ ಬೀಗವೂ ಇಲ್ಲ. ಕತ್ತಲಲ್ಲಿ ಓಡುವ ಹುಡುಗನ ಕಾಲು ತಗುಲಿದರೆ ಕಳಚಿ ಬೀಳುತ್ತದೆ. ಎಸ್.ಡಿ.ಐ. ಎಂಬ ಇನ್ನೊಂದು ಪದ್ಧತಿಯಲ್ಲಿ ಒಂದೇ ದುಂಡು ಕೇಬಲ್, ತಿರುಗಿಸಿ ಭದ್ರಪಡಿಸುವ ತುದಿ. ಒಳ್ಳೆಯ ಕೇಬಲಿನಲ್ಲಿ ಎಚ್.ಡಿ. ಸಂಕೇತ ನೂರು ಮೀಟರಿನವರೆಗೂ ಹೋಗಬಲ್ಲದು. ಎಚ್.ಡಿ.ಎಂ.ಐ. ಪೆಟ್ಟಿಗೆಯನ್ನೇ ಕೊಂಡು, ದೂರದ ಕ್ಯಾಮೆರಾಕ್ಕೆ ಮಾತ್ರ ಎರಡೂ ತುದಿಗೆ ಪರಿವರ್ತಕ ಹಾಕಿ ನಡುವೆ ಎಸ್.ಡಿ.ಐ. ಕೇಬಲ್ ಎಳೆಯುವುದೂ ಉಂಟು. ಶಾಲೆಯ ಅಂಗಳವನ್ನು ಟೇಪಿನಿಂದ ಅಳೆದು ನೋಡದೆ ಅಂಗಡಿಗೆ ಹೋಗಲೇಬಾರದು. ಪೆಟ್ಟಿಗೆಗಿಂತ ಕೇಬಲಿಗೇ ಹೆಚ್ಚು ಹಣವಾಗುವ ಸಂದರ್ಭಗಳಿವೆ.

ಐವತ್ತರ ಲೆಕ್ಕ

ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದು. ಪ್ರತಿ ಆವರ್ತನೆಯಲ್ಲಿ ಎರಡು ಏರು. ಹಾಗಾಗಿ ಟ್ಯೂಬ್‌ಲೈಟ್‌ನಂಥ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಇದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾದ ಕಣ್ಣು ಪ್ರತಿ ಬಾರಿಯೂ ಸೆಕೆಂಡಿನ 50ನೇ ಒಂದು ಭಾಗ ತೆರೆದಿದ್ದರೆ ಸರಿಯಾಗಿ ಎರಡು ಮಿನುಗು ಒಳಗೆ ಬರುತ್ತವೆ. ಎಲ್ಲ ಚಿತ್ರಗಳಿಗೂ ಸಮಾನ ಬೆಳಕು. 60ನೇ ಒಂದು ಭಾಗ ತೆರೆದರೆ ಒಂದು ಮಿನುಗು ಪೂರ್ತಿ, ಇನ್ನೊಂದು ಅರೆಬರೆ. ಆಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲತೊಡಗುತ್ತವೆ.

ಅನೇಕ ಮೊಬೈಲುಗಳು ಸೆಕೆಂಡಿಗೆ 30 ಚಿತ್ರ ತೆಗೆಯುವಂತೆ ಹೊಂದಿಕೆಯಾಗಿ ಬರುತ್ತವೆ. ಸ್ವಿಚರ್ 25ಕ್ಕೆ ಹೊಂದಿಕೆಯಾಗಿದ್ದರೆ ಪ್ರತಿ ಸೆಕೆಂಡಿಗೆ ಐದು ಚಿತ್ರಗಳನ್ನು ಅದು ಬಿಡಬೇಕಾಗುತ್ತದೆ. ಭಾಷಣದಲ್ಲಿ ಇದು ಗೊತ್ತಾಗದು. ನೃತ್ಯದಲ್ಲಿ ಕೈಕಾಲು ತಡವರಿಸಿದಂತೆ ಕಾಣುತ್ತದೆ. ಎಲ್ಲ ಕ್ಯಾಮೆರಾಗಳನ್ನೂ ಸ್ವಿಚರನ್ನೂ 25ಕ್ಕೆ ಅಥವಾ 50ಕ್ಕೆ ಹೊಂದಿಸಿಟ್ಟರೆ ಅರ್ಧ ತೊಂದರೆ ಕಳೆದಂತೆ.

ಊರಿನ ಪದ್ಧತಿಗೆ ಹೊಂದದ ಯಂತ್ರ ಎಷ್ಟು ಅಗ್ಗವಾದರೂ ವ್ಯರ್ಥ ಎಂಬುದಕ್ಕೆ ಹಳೆಯ ನಿದರ್ಶನವಿದೆ. 1990ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ನ್ಯೂಟೆಕ್ ಎಂಬ ಕಂಪನಿ 'ವಿಡಿಯೋ ಟೋಸ್ಟರ್' ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅಮಿಗಾ ಎಂಬ ಪುಟ್ಟ ಕಂಪ್ಯೂಟರಿನೊಳಗೆ ಅದನ್ನು ಸಿಕ್ಕಿಸಿದರೆ ಒಂದು ಸ್ಟುಡಿಯೋ ಸ್ವಿಚರೇ ಸಿದ್ಧ! ಆದರೆ ಅದು 525 ಗೆರೆಗಳ ಅಮೆರಿಕದ ಎನ್.ಟಿ.ಎಸ್.ಸಿ. ಪದ್ಧತಿಗೆ ಮಾತ್ರ ಹೊಂದುತ್ತಿತ್ತು. ಆಗ ಭಾರತದಲ್ಲಿದ್ದದ್ದು 625 ಗೆರೆಗಳ ಪಾಲ್ ಪದ್ಧತಿ.

ಮಾತು ಮೊದಲು, ತುಟಿ ಆಮೇಲೆ

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ಕಂಡಿದ್ದೀರಲ್ಲವೆ? ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಬೆಳಕಿಗಿಂತ ಶಬ್ದ ನಿಧಾನ. ಮನುಷ್ಯನ ಮೆದುಳಿಗೆ ಈ ಕ್ರಮ ರೂಢಿಯಾಗಿದೆ. ಶಬ್ದವೇ ಚಿತ್ರಕ್ಕಿಂತ ಮೊದಲು ಬರುವುದನ್ನು ಪ್ರಕೃತಿಯಲ್ಲಿ ಅದು ಕಂಡೇ ಇಲ್ಲ.

ಸ್ವಿಚರಿನಲ್ಲಿ ಆಗುವುದು ಈ ತಲೆಕೆಳಗು ಕ್ರಮವೇ. ಚಿತ್ರ ಕ್ಯಾಮೆರಾದಲ್ಲಿ ಸ್ವಲ್ಪ, ಸ್ಮೃತಿಕೋಶದಲ್ಲಿ ಸ್ವಲ್ಪ ತಡವಾಗುತ್ತದೆ. 25 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರವೆಂದರೆ ಸೆಕೆಂಡಿನ ಸಾವಿರದ 40 ಭಾಗ. ಮೂರು ಚಿತ್ರ ತಡವಾದರೆ 120. ಮೈಕಿನ ಧ್ವನಿ ಮಾತ್ರ ತಂತಿಯಲ್ಲಿ ನೇರವಾಗಿ ಬಂದುಬಿಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ ಹಿಂದೆ ಬಿದ್ದರೆ ಸುಮಾರು 125ರ ತನಕ ನೋಡುವವರಿಗೆ ಗೊತ್ತಾಗದು. ಮುಂದೆ ಓಡಿದರೆ 45ಕ್ಕೇ ಗೊತ್ತಾಗುತ್ತದೆ. ಆದ್ದರಿಂದ ಧ್ವನಿಯನ್ನು ಬೇಕಾದಷ್ಟು ತಡೆದು ಬಿಡುವ ಸೌಲಭ್ಯ ಪೆಟ್ಟಿಗೆಯಲ್ಲಿ ಇದೆಯೇ ಎಂದು ಕೇಳಬೇಕು. ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ ಪರೀಕ್ಷೆ ಮುಗಿಯಿತು.

ಧ್ವನಿಯ ಬಗ್ಗೆ ಇನ್ನೊಂದು ಮಾತು. ಕ್ಯಾಮೆರಾದ ಸ್ವಂತ ಮೈಕಿಗೆ ಕೇಳಿಸುವುದು ಹಿಂದಿನ ಸಾಲಿನ ಹರಟೆ. ಧ್ವನಿವರ್ಧಕದವರ ಮಿಕ್ಸರಿನಿಂದ ಒಂದು ತಂತಿ ಸ್ವಿಚರಿಗೆ ಬರಲೇಬೇಕು. ಚಿತ್ರ ಮಸುಕಾದರೆ ಅಜ್ಜಿ ಸಹಿಸಿಕೊಳ್ಳುತ್ತಾರೆ. ಮೊಮ್ಮಗಳ ಹಾಡು ಕೇಳದಿದ್ದರೆ ಸಹಿಸುವುದಿಲ್ಲ.

ಪೆಟ್ಟಿಗೆಯೋ, ಕಂಪ್ಯೂಟರೋ?

ಪೆಟ್ಟಿಗೆ ಕೊಳ್ಳದೆಯೂ ಸ್ವಿಚರ್ ಪಡೆಯುವ ದಾರಿಯಿದೆ. 2012ರಲ್ಲಿ ಹುಟ್ಟಿದ ಓ.ಬಿ.ಎಸ್. ಎಂಬ ತಂತ್ರಾಂಶ ಉಚಿತ. ಕ್ಯಾಮೆರಾ ಬದಲಾವಣೆ, ಹೆಸರು ಮೂಡಿಸುವುದು, ದಾಖಲೆ, ಪ್ರಸಾರ ಎಲ್ಲವೂ ಅದರಲ್ಲಿದೆ. ಆದರೆ ಪ್ರತಿ ಕ್ಯಾಮೆರಾಕ್ಕೂ ಒಂದೊಂದು ಕ್ಯಾಪ್ಚರ್ ಕಾರ್ಡ್ ಬೇಕು, ಕಂಪ್ಯೂಟರ್ ಬಲವಾಗಿರಬೇಕು. ಕಾರ್ಯಕ್ರಮದ ನಡುವೆ ಅದು ತಾನೇ ನವೀಕರಣಕ್ಕೆ ತೊಡಗಿದರೆ ಕೇಳುವವರಿಲ್ಲ. ಪೆಟ್ಟಿಗೆಗೆ ಒಂದೇ ಕೆಲಸ, ಆದ್ದರಿಂದ ನಂಬಿಕೆ ಹೆಚ್ಚು. ಕಲಿಯುವ ಮಕ್ಕಳಿಗೆ ಮೊದಲು ಓ.ಬಿ.ಎಸ್. ಒಳ್ಳೆಯ ಪಾಠಶಾಲೆ. ಅದರಲ್ಲಿ ಕೈ ಪಳಗಿದ ಮೇಲೆ ಪೆಟ್ಟಿಗೆ ಕೊಂಡರೆ ಏನು ಬೇಕು, ಏನು ಬೇಡ ಎಂಬುದು ಅವರಿಗೇ ತಿಳಿದಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಪ್ರಸಾರ ಸೋಲುವುದು ಬಹುತೇಕ ಬೇರೆ ಕಡೆ. 20,73,600 ಚುಕ್ಕಿ, ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಎಂದು ಗುಣಿಸಿದರೆ 124 ಕೋಟಿ ಬಿಟ್‌ಗಳಿಗೂ ಹೆಚ್ಚು. ಇದನ್ನು ಹಿಂಡಿ ಸುಮಾರು 50 ಲಕ್ಷಕ್ಕೆ, ಅಂದರೆ 250ರಲ್ಲಿ ಒಂದು ಪಾಲಿಗೆ, ಇಳಿಸಿ ಕಳುಹಿಸುತ್ತಾರೆ. ಹಾಗಿದ್ದೂ ಮೂರು ಗಂಟೆಯ ಕಾರ್ಯಕ್ರಮಕ್ಕೆ ಬೇಕಾಗುವುದು 6.75 ಜಿ.ಬಿ. ದಿನಕ್ಕೆ 1.5 ಜಿ.ಬಿ. ಕೊಡುವ ಮೊಬೈಲ್ ಯೋಜನೆಯಾದರೆ 40 ನಿಮಿಷಕ್ಕೆ ಬರಿದು. ಪ್ರಾರ್ಥನೆ, ಸ್ವಾಗತ, ವರದಿ ವಾಚನ, ಅತಿಥಿಗಳ ಭಾಷಣ ಮುಗಿದು ಮಕ್ಕಳು ವೇದಿಕೆ ಹತ್ತುವುದಕ್ಕೂ ಡೇಟಾ ಮುಗಿಯುವುದಕ್ಕೂ ಸರಿಹೋಗುತ್ತದೆ! ಶಾಲೆಗೆ ತಂತಿಯ ಬ್ರಾಡ್‌ಬ್ಯಾಂಡ್ ಇದ್ದರೆ ಅದೇ ಮೇಲು. ನೋಡಬೇಕಾದದ್ದು ಕೆಳಗಿಳಿಸುವ ವೇಗವನ್ನಲ್ಲ, ಮೇಲೇರಿಸುವ ವೇಗವನ್ನು. ಅದು ಬೇಕಾದ್ದರ ಇಮ್ಮಡಿ ಇರಲಿ.

ಕರೆಂಟು ಹೋಗುವುದಂತೂ ಅತಿಥಿಗಳು ಬಂದಷ್ಟೇ ಖಚಿತ. ಕ್ಯಾಮೆರಾಕ್ಕೆ ಬ್ಯಾಟರಿ ಇದೆ, ಸ್ವಿಚರಿಗೂ ಮೋಡೆಮ್ಮಿಗೂ ಇರುವುದಿಲ್ಲ. ಕಂಪ್ಯೂಟರ್ ಕೊಠಡಿಯ ಒಂದು ಯು.ಪಿ.ಎಸ್. ಅಲ್ಲಿಗೆ ಬರಬೇಕು. ಜೊತೆಗೆ ಪ್ರತಿ ಕ್ಯಾಮೆರಾವೂ ತನ್ನ ಕಾರ್ಡಿನಲ್ಲಿ ದಾಖಲಿಸಿಕೊಳ್ಳುತ್ತಿರಲಿ. ಪ್ರಸಾರ ಕಡಿದರೂ ದಾಖಲೆ ಉಳಿಯುತ್ತದೆ.

ಕೊಳ್ಳುವುದೋ, ಬಾಡಿಗೆಯೋ ಎಂಬುದಕ್ಕೆ ಒಂದು ಭಾಗಾಕಾರ ಸಾಕು. ಬೆಲೆಯನ್ನು ದಿನದ ಬಾಡಿಗೆಯಿಂದ ಭಾಗಿಸಿ. ಉತ್ತರ 12 ಬಂತು, ಶಾಲೆಗೆ ವರ್ಷಕ್ಕೆ ಮೂರೇ ದಿನ ಬೇಕು ಎಂದಾದರೆ ಹಣ ಮರಳಲು ನಾಲ್ಕು ವರ್ಷ. ಅಕ್ಕಪಕ್ಕದ ನಾಲ್ಕು ಶಾಲೆಗಳು ಸೇರಿ ಕೊಂಡರೆ ಒಂದೇ ವರ್ಷದಲ್ಲಿ ಲೆಕ್ಕ ಚುಕ್ತಾ.

ಪಾಲಕರು ಕೇಳಬೇಕಾದ ಪ್ರಶ್ನೆ

ಯಂತ್ರದ ಕೈಯಲ್ಲಿಲ್ಲದ ಎರಡು ಸಂಗತಿಗಳಿವೆ. ಮೊದಲನೆಯದು, ಎಲ್ಲರಿಗೂ ತೆರೆದಿಟ್ಟ ಪ್ರಸಾರದಲ್ಲಿ ಮಕ್ಕಳ ಮುಖ, ಹೆಸರು, ತರಗತಿ ಯಾರ ಕಣ್ಣಿಗಾದರೂ ಬೀಳುತ್ತದೆ. ಪಾಲಕರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಬೇಕು. ಯೂಟ್ಯೂಬಿನಲ್ಲಿ ಕೊಂಡಿ ಇದ್ದವರಿಗೆ ಮಾತ್ರ ಸಿಗುವಂತೆ ಪ್ರಸಾರ ಮಾಡುವ ಅವಕಾಶವಿದೆ, ಅದನ್ನೇ ಆರಿಸಬೇಕು. ಎರಡನೆಯದು, ಸಿನಿಮಾ ಹಾಡಿಗೆ ಕುಣಿದರೆ ಯೂಟ್ಯೂಬಿನ ಯಂತ್ರವೇ ಹಾಡನ್ನು ಗುರುತಿಸಿ, ಹಕ್ಕುಸ್ವಾಮ್ಯದ ಕಾರಣಕ್ಕೆ ಪ್ರಸಾರವನ್ನು ತಡೆಯಬಹುದು. ಮಕ್ಕಳೇ ಹಾಡಿದ ಜನಪದ ಗೀತೆಗೆ ಆ ಭಯ ಕಡಿಮೆ. ಹೊಸ ಖಾತೆಯಾದರೆ ನೇರ ಪ್ರಸಾರಕ್ಕೆ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಗುಂಡಿ ಒತ್ತುವವರು ಯಾರು? ಬಾಡಿಗೆಯ ಹುಡುಗನೇ ಆಗಬೇಕಾಗಿಲ್ಲ. ಸ್ವಿಚರಿನಲ್ಲಿ ಸಾಮಾನ್ಯವಾಗಿ ಎರಡು ಸಾಲು: ಒಂದು ಈಗ ಹೋಗುತ್ತಿರುವ ಚಿತ್ರದ್ದು, ಇನ್ನೊಂದು ಮುಂದೆ ಹೋಗಬೇಕಾದದ್ದು. ಮುಂದಿನದನ್ನು ನೋಡಿ, ಸರಿಯಿದೆ ಎಂದಾದ ಮೇಲೆ ಕಳುಹಿಸುವುದು ಕ್ರಮ. ಒಂಬತ್ತನೆಯ ತರಗತಿಯ ಹುಡುಗಿಗೆ ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಪ್ರತಿ ಶಾಲೆಯಲ್ಲೂ ವೇದಿಕೆ ಹತ್ತಲು ನಾಚುವ, ನಾಟಕಕ್ಕೂ ನೃತ್ಯಕ್ಕೂ ಆಯ್ಕೆಯಾಗದ ನಾಲ್ಕಾರು ಮಕ್ಕಳಿರುತ್ತಾರೆ. ತೆರೆಯ ಹಿಂದೆ ಕುಳಿತು ಇಡೀ ಶಾಲೆಯನ್ನು ಊರಿಗೆ ತೋರಿಸುವ ಕೆಲಸ ಅವರದಾಗಲಿ. ಕಾರ್ಯಕ್ರಮಕ್ಕೆ ಎರಡು ದಿನ ಮೊದಲು, ಅದೇ ಜಾಗದಲ್ಲಿ, ಅದೇ ದೀಪ, ಅದೇ ಕೇಬಲುಗಳೊಂದಿಗೆ ಒಂದು ಪೂರ್ಣ ತಾಲೀಮು ನಡೆಸಿ, ದೂರದ ಊರಿನ ಒಬ್ಬ ಪಾಲಕರಿಗೆ ಫೋನು ಮಾಡಿ 'ಕಾಣುತ್ತಿದೆಯೆ, ಕೇಳುತ್ತಿದೆಯೆ' ಎಂದು ವಿಚಾರಿಸಬೇಕು.

ಆ ಮಕ್ಕಳಿಗೆ ಹೇಳಿಕೊಡಬೇಕಾದ ಇನ್ನೊಂದು ಪಾಠವಿದೆ. ಮುಂದಿನ ಸಾಲಿನಲ್ಲಿ ಚೆನ್ನಾಗಿ ಕುಣಿಯುವ ಮಗುವಿನ ಮೇಲೆಯೇ ಕ್ಯಾಮೆರಾ ನಿಲ್ಲಬಾರದು. ಪ್ರತಿ ನೃತ್ಯದಲ್ಲೂ ಹಿಂದಿನ ಸಾಲಿನ ಪ್ರತಿ ಮುಖಕ್ಕೂ ಎರಡೆರಡು ಸೆಕೆಂಡು ಸಿಗಬೇಕು. ಆ ಮುಖಕ್ಕಾಗಿಯೇ ಯಾರೋ ಒಬ್ಬರು ಮೂರು ಗಂಟೆ ಪರದೆಯ ಮುಂದೆ ಕಾದಿರುತ್ತಾರೆ.